ಮೆಟ್ಟಿಲಿಳಿದು ಬಂದ ಶಾಸಕರು

ನಮ್ಮ ಸಂಘದ ಬೇಡಿಕೆ ತೀರಾ ಸಣ್ಣದು. ಸರ್ಕಾರಿ ಕಟ್ಟಡಗಳಿಗೆ ಗಾಲಿಕುರ್ಚಿ ಹತ್ತುವಂಥ ರ್‍ಯಾಂಪ್ ಬೇಕು. ಅದಕ್ಕೆ ರಾಜ್ಯ ಬಜೆಟ್ಟಿನಲ್ಲಿ ಬೇರೆಯಾಗಿ ಹಣ ಇಡಬೇಕು. ಹೊಸದೇನೂ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಅದರ ನಿಯಮಗಳು 2017ರಲ್ಲಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಮಾಡಿ ಎಂದು ಕಾಯ್ದೆಯೇ ಹೇಳಿತ್ತು. ಆ ಗಡುವು 2022ಕ್ಕೆ ಮುಗಿಯಿತು. ಮೆಟ್ಟಿಲುಗಳಿಗೆ ಮಾತ್ರ ಈ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿಲ್ಲ.

ಏನೂ ಆಗಿಲ್ಲ ಅಂತಲ್ಲ. ಹೆಸರು ಬದಲಾಗಿದೆ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, ದಿವ್ಯಾಂಗರೂ ಆದರು. ಹೆಸರಿಗೆ ಸಿಮೆಂಟ್ ಬೇಕಾಗಿಲ್ಲ ನೋಡಿ.

ಮೊದಲು ತಾಲ್ಲೂಕು ಕಚೇರಿಗೆ ಹೋದೆವು. "ಇದು ನಮ್ಮ ಕೈಲಿಲ್ಲ, ಶಾಸಕರಿಗೆ ಹೇಳಿ" ಅಂದರು. ಸರಿ, ಕಾನೂನು ಮಾಡೋರು ಅವರೇ ಅಲ್ವಾ?

ಶಾಸಕರನ್ನು ಕಾಣುವುದು ಹೇಗೆ ಎಂದು ನಮಗೊಂದು ತರಬೇತಿಯೂ ಆಯಿತು. ಬಂದ ತರಬೇತುದಾರರು ಅದನ್ನು ಅಡ್ವೊಕೆಸಿ ಎಂದು ಕರೆದರು. ನಮ್ಮೂರಲ್ಲಿ ಅದಕ್ಕೆ ಕೈಮುಗಿದು ಕಾಯೋದು ಅಂತಾರೆ. ಎರಡು ನಿಮಿಷದಲ್ಲಿ ವಿಷಯ ಮುಗಿಸಬೇಕು, ಒಂದೇ ಪುಟದಲ್ಲಿ ಬರೆಯಬೇಕು ಎಂದರು. ನಮ್ಮ ಮನವಿ ಏಳು ಪುಟ ಇತ್ತು. ಯಾವುದನ್ನು ಬಿಡುವುದು ಎಂಬ ಜಗಳ ಎರಡು ಭಾನುವಾರ ನಡೆಯಿತು. ಕೊನೆಗೆ ಏನನ್ನೂ ಬಿಡದೆ ಅಕ್ಷರ ಸಣ್ಣ ಮಾಡಿ ಒಂದೇ ಪುಟಕ್ಕೆ ತುಂಬಿದೆವು. ವಿಧಾನಸಭೆಯಲ್ಲಿ 224 ಜನ, ಪರಿಷತ್ತಿನಲ್ಲಿ 75 ಜನ. ಒಟ್ಟು 299 ಪ್ರತಿ ಜೆರಾಕ್ಸ್ ಮಾಡಿಸಿದೆವು. ಇಷ್ಟು ದಿನದಲ್ಲಿ ಖರ್ಚಾದದ್ದು ಒಂದು.

ಆ ಒಂದನ್ನು ಕೊಟ್ಟ ಕಥೆ ಹೇಳುತ್ತೇನೆ.

ಶಾಸಕರ ಕಚೇರಿ ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹತ್ತೊಂಬತ್ತು ಮೆಟ್ಟಿಲು. ಎಣಿಸಿದವರು ನಮ್ಮ ಕಾರ್ಯದರ್ಶಿ, ಎಲ್ಲರೂ ಟೀಚರ್ ಅಂತಲೇ ಕರೆಯುವ ನಿವೃತ್ತ ಶಿಕ್ಷಕಿ. ಗಾಲಿಕುರ್ಚಿಯಲ್ಲಿ ಕೂತವರಿಗೆ ಮೆಟ್ಟಿಲು ಎಣಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಪಿಎ ಮೇಲಿನಿಂದಲೇ ಬಗ್ಗಿ ನೋಡಿ, "ಮೇಡಂ ಅಲ್ಲೇ ಇರಲಿ, ನೀವು ಬನ್ನಿ" ಎಂದರು. ಮೆಟ್ಟಿಲ ವಿಷಯ ಮಾತಾಡಲು ಮೆಟ್ಟಿಲು ಹತ್ತಬಲ್ಲವರಷ್ಟೇ ಹೋದೆವು.

ಮೇಲೆ ದೊಡ್ಡ ಜಾತ್ರೆ. ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು, ಮದುವೆ ಕರೆಯೋಲೆ ಹಿಡಿದವರು, ಸುಮ್ನೆ ಕೂತವರು. ಒಂದೂವರೆ ಗಂಟೆಯ ಮೇಲೆ ನಮ್ಮ ಸರದಿ ಬಂತು. ತರಬೇತಿಯಲ್ಲಿ ಕಲಿತಂತೆ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದೆ.

"ರ್‍ಯಾಂಪಾ? ಎಲ್ಲಿಗೆ?"

"ಎಲ್ಲ ಕಡೆಗೆ ಸರ್."

"ಎಲ್ಲ ಕಡೆ ಅಂದ್ರೆ ಯಾವ ವಾರ್ಡು?"

"ಇಡೀ ರಾಜ್ಯಕ್ಕೆ ಸರ್. ಬಜೆಟ್ಟಲ್ಲೇ ಬರಬೇಕು."

ಶಾಸಕರು ಪಿಎ ಮುಖ ನೋಡಿದರು. ಪಿಎ ನನ್ನ ಮುಖ ನೋಡಿದರು. ದರ್ಜಿಯ ಹತ್ತಿರ ಹೋಗಿ ಬಟ್ಟೆ ಹೊಲಿಯಿರಿ ಅಂದಾಗ ಅವನು ಗಾಬರಿಯಾದರೆ ಹೇಗಿರುತ್ತೆ, ಹಾಗಿತ್ತು. ಬೋರ್‌ವೆಲ್ ಕೇಳಬಹುದು, ಸಮುದಾಯ ಭವನ ಕೇಳಬಹುದು, ಮಗನಿಗೆ ಕೆಲಸ ಕೇಳಬಹುದು. ಶಾಸನ ಮಾಡುವವರ ಹತ್ತಿರ ಶಾಸನದ ಮಾತು ತೆಗೆಯುವುದು ಎಂಥ ಅಸಭ್ಯತೆ!

"ಸದನದಲ್ಲಿ ಒಂದು ಪ್ರಶ್ನೆಯಾದ್ರೂ ಕೇಳಿ ಸರ್" ಎಂದೆ.

"ಸದನ ನಡೀಬೇಕಲ್ರೀ" ಎಂದರು, ನನಗಿಂತ ಹೆಚ್ಚು ಬೇಸರದಿಂದ.

ಅದೂ ನಿಜ. ಶಾಸಕಾಂಗ ವರ್ಷಕ್ಕೆ ಕಡಿಮೆಯೆಂದರೆ 60 ದಿನ ಸೇರಬೇಕು ಎಂಬ ಕಾಯ್ದೆ ಕರ್ನಾಟಕದಲ್ಲಿ 2005ರಿಂದಲೇ ಇದೆ. ಮಾಡಿಕೊಂಡವರು ಅವರೇ, ಅವರಿಗಾಗಿಯೇ. ಹೆಚ್ಚಿನ ವರ್ಷ ಅಷ್ಟು ದಿನ ಸೇರಿಲ್ಲ. ಅದನ್ನು ಪಾಲಿಸಿ ಎಂದು ಅವರು ಯಾರಿಗೆ ಮನವಿ ಕೊಡಬೇಕೋ, ಪಾಪ.

ಹಾಗಂತ ಸದನದಲ್ಲಿ ಕೆಲಸವೇ ಆಗುವುದಿಲ್ಲ ಅಂದುಕೊಳ್ಳಬೇಡಿ. 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ಸಂಬಳ 40,000 ರೂಪಾಯಿಂದ 80,000ಕ್ಕೆ ಏರಿತು. ಸದನದಲ್ಲಿ ಗದ್ದಲವೋ ಗದ್ದಲ. ಆ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಮಸೂದೆ ಪಾಸಾಯಿತು. ಅದಕ್ಕೆ ಯಾರೂ ಟೀ ಶರ್ಟ್ ಹಾಕಿಕೊಂಡು ನಿಯೋಗ ಹೋಗಿರಲಿಲ್ಲ. ಯಾರೂ ಒಂದೇ ಪುಟಕ್ಕೆ ಇಳಿಸಿರಲಿಲ್ಲ. ನಮ್ಮ ತರಬೇತುದಾರರು ಈ ವಿಧಾನವನ್ನು ಯಾಕೆ ಹೇಳಿಕೊಡಲಿಲ್ಲವೋ.

ಕೊನೆಗೆ ಶಾಸಕರು, "ಆಯ್ತು, ಸರ್ಕಾರದ ಗಮನಕ್ಕೆ ತರ್ತೀನಿ" ಎಂದರು. ಅವರು ಆಡಳಿತ ಪಕ್ಷದವರೇ.

ಆಮೇಲೆ ಫೋಟೊ. ಇಲ್ಲಿ ಪಿಎ ಚುರುಕಾದರು. "ಗಾಲಿಕುರ್ಚಿ ಇಲ್ದಿದ್ರೆ ಫೋಟೊ ಏನು ಚೆನ್ನಾಗಿರುತ್ತೆ ಸಾಹೇಬ್ರೇ?" ಒಂದೂವರೆ ಗಂಟೆಯಿಂದ ಬಿಸಿಲಲ್ಲಿ ಕೂತಿದ್ದ ಟೀಚರ್ ಈಗ ತುಂಬಾ ಬೇಕಾದವರಾದರು. ಶಾಸಕರು ಹತ್ತೊಂಬತ್ತೂ ಮೆಟ್ಟಿಲು ಇಳಿದು ಬಂದು, ಬಗ್ಗಿ, ಮನವಿ ಪತ್ರ ತೆಗೆದುಕೊಂಡು ನಕ್ಕರು. ಮನವಿಯ ಒಂದು ತುದಿ ಅವರ ಕೈಲಿ, ಇನ್ನೊಂದು ತುದಿ ಟೀಚರ್ ಕೈಲಿ. ಕ್ಯಾಮೆರಾದವನು ಸಾಕು ಅನ್ನುವವರೆಗೆ ಇಬ್ಬರೂ ಬಿಡಲಿಲ್ಲ. ಸಂಜೆ ಎಲ್ಲರ ಮೊಬೈಲಿಗೂ ಬಂತು: "ವಿಶೇಷಚೇತನರಿಗಾಗಿ ಮೆಟ್ಟಿಲಿಳಿದು ಬಂದ ಸರಳ ಸಜ್ಜನ." ಆ ಮೆಟ್ಟಿಲು ಅಲ್ಲಿ ಯಾಕಿದೆ ಎಂದು ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಅದನ್ನು ನಮ್ಮ ಸಂಘದ ಗುಂಪಿಗೆ ಮೊದಲು ಹಾಕಿದವನು ನಾನೇ. ಫೋಟೊದಲ್ಲಿ ಚೆನ್ನಾಗಿ ಕಾಣಿಸಿದ್ದೆ.

ನಮ್ಮ ಲೆಕ್ಕವೂ ಏನು ಕಡಿಮೆಯಿಲ್ಲ. ದೇಣಿಗೆ ಕೊಡುವವರಿಗೆ ಕಳಿಸುವ ವರದಿಯಲ್ಲಿ "ಭೇಟಿಯಾದ ಜನಪ್ರತಿನಿಧಿಗಳ ಸಂಖ್ಯೆ" ಎಂಬ ಕಾಲಂ ಇದೆ. "ಕಟ್ಟಿದ ರ್‍ಯಾಂಪುಗಳ ಸಂಖ್ಯೆ" ಎಂಬ ಕಾಲಂ ಇಲ್ಲ. ಹಾಗಾಗಿ ಆ ವರ್ಷ ನಾವು ಗೆದ್ದೆವು.

ಗೆದ್ದ ಮನವಿ ಮುಂದೆ ದೇಶ ಸುತ್ತಿತು. ಶಾಸಕರು ಅದಕ್ಕೆ ತಮ್ಮ ಲೆಟರ್‌ಹೆಡ್ ಲಗತ್ತಿಸಿ ಸಚಿವರಿಗೆ ಕೊಟ್ಟರು, ಅದರದ್ದೂ ಒಂದು ಫೋಟೊ ಬಂತು. ಸಚಿವರು ಅಂಚಿನಲ್ಲಿ "ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಳ್ಳಿ" ಎಂದು ಬರೆದರು. ಕಾಗದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯಿತು. ಕಾಗದಕ್ಕೆ ಮೆಟ್ಟಿಲಿನ ತೊಂದರೆ ಇಲ್ಲ. ಕೊನೆಗೆ ನಮ್ಮ ತಾಲ್ಲೂಕು ಕಚೇರಿಯಿಂದಲೇ ಉತ್ತರ ಬಂತು: "ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ."

ನಮ್ಮಲ್ಲಿನ ಹುಡುಗರು ಧರಣಿ ಮಾಡೋಣ ಎಂದರು. ಬೆಂಗಳೂರಿನಲ್ಲಾದರೆ ಧರಣಿಗೆ ಗೊತ್ತುಮಾಡಿದ ಜಾಗ ಫ್ರೀಡಂ ಪಾರ್ಕ್. ಮೊದಲು ಅದು ಸೆಂಟ್ರಲ್ ಜೈಲಾಗಿತ್ತು. ಸ್ವಾತಂತ್ರ್ಯ ಬೇಕಾದವರು ಜೈಲಿನ ಗೇಟು ದಾಟಿ ಹೋಗಬೇಕು. ಚಳಿಗಾಲದಲ್ಲಾದರೆ ಬೆಳಗಾವಿ. ಸುವರ್ಣ ವಿಧಾನಸೌಧದ ಹತ್ತಿರ ಧರಣಿಗೆಂದೇ ಟೆಂಟ್ ಹಾಕಿರುತ್ತಾರೆ, ಮನವಿ ತೆಗೆದುಕೊಳ್ಳಲು ಸಚಿವರು ಅಲ್ಲಿಗೇ ಬರುವುದುಂಟು. "ಅಲ್ಲೂ ಫೋಟೊನೇ ತಾನೇ?" ಎಂದರು ಟೀಚರ್. ಮಾತು ಅಲ್ಲಿಗೇ ನಿಂತಿತು.

ಶಾಸಕರು ಮಾತ್ರ ನಮ್ಮನ್ನು ಮರೆಯಲಿಲ್ಲ. ಒಂದು ದಿನ ಪಿಎ ಫೋನ್ ಮಾಡಿದರು. "ಸಾಹೇಬ್ರು ನಿಮಗೆ ಏನಾದ್ರೂ ಮಾಡಿಕೊಡಲೇಬೇಕು ಅಂತಿದಾರೆ. ಹೈಮಾಸ್ಟ್ ದೀಪ ಆಗಬಹುದಾ?"

ಆಯಿತು. ತಾಲ್ಲೂಕು ಕಚೇರಿಯ ಮುಂದೆ ಗುದ್ದಲಿ ಪೂಜೆ ನಡೆಯಿತು, ಕಂಬ ಎದ್ದಿತು, ಕಂಬಕ್ಕೆ ಶಾಸಕರ ಹೆಸರಿನ ಫಲಕ ಬಂತು. ಉದ್ಘಾಟನೆಗೆ ಟೀಚರ್ ಮುಖ್ಯ ಅತಿಥಿ. ವೇದಿಕೆಗೆ ನಾಲ್ಕು ಮೆಟ್ಟಿಲು ಇತ್ತು. ಶಾಸಕರು ಮತ್ತೆ ಇಳಿದು ಬಂದು ಶಾಲು ಹೊದಿಸಿದರು.

ಗುಂಡಿ ಒತ್ತಿದಾಗ ಇಡೀ ಕಚೇರಿ ಹಗಲಿನಂತೆ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಮೈಕ್ ತೆಗೆದುಕೊಂಡರು.

"ತುಂಬಾ ಉಪಕಾರವಾಯ್ತು ಸಾಹೇಬ್ರೇ. ಇಷ್ಟು ದಿನ ಈ ಮೆಟ್ಟಿಲು ನನಗೆ ಹಗಲು ಹೊತ್ತು ಮಾತ್ರ ಕಾಣ್ತಿತ್ತು."