ಕುಡಿತ ಬಿಡಿಸೋ ಮಾತ್ರೆ ಕೇಳಿಕೊಂಡು ಬರುವವರಿಗೆ

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡ ಯಾರನ್ನೇ ಕೇಳಿ, "ಕುಡಿಯೋದು ಬಿಡ್ಸೋ ಮಾತ್ರಿ ಕೊಡ್ರಿ" ಅಂತ ಬರುವ ಹೆಣ್ಣುಮಕ್ಕಳ ಕಥೆ ಹೇಳುತ್ತಾರೆ. ಚೀಟಿ ಇರಲ್ಲ. ಮೊನ್ನೆ ಮಂಡಕ್ಕಿ ಭಟ್ಟಿ ಕಡೆಯಿಂದ ನನ್ನ ಅಂಗಡಿಗೆ ಬಂದ ಒಬ್ಬರು ದನಿ ತಗ್ಗಿಸಿ ಕೇಳಿದರು: "ಸಾರಿನಾಗೆ ಹಾಕಿದ್ರೆ ಗೊತ್ತಾಗಂಗಿಲ್ಲ ಅಲ್ರೀ ಅಣ್ಣಾ?"

ಕೊಡಲಿಲ್ಲ. ಆ ಮಾತ್ರೆ ಅಂದರೆ ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿದ್ದಾಗ ಹೆಂಡ ಬಿದ್ದರೆ ವಾಂತಿ, ಎದೆ ಡವಡವ, ಬಿಪಿ ಇಳಿದು ಜೀವಕ್ಕೇ ಕುತ್ತು. ಕುಡಿಯುವವನಿಗೆ ಗೊತ್ತಿದ್ದು, ಅವನೇ ಒಪ್ಪಿ, ಡಾಕ್ಟರ್ ಹೇಳಿದಂತೆ ತಗೋಬೇಕಾದ ಔಷಧ ಅದು.

ಎರಡು ನಿಮಿಷ ಮಾತಾಡಿಸಿದೆ. "ರಾತ್ರಿ ನಿದ್ದಿ ಇಲ್ರೀ ನಮ್ಮನೆಯವರಿಗೆ. ಯಾರೋ ಬೈದಂಗೆ ಕೇಳಿಸ್ತೈತಂತೆ. ಕುಡಿದ್ರೆ ಸುಮ್ಮನಾಗ್ತಾರೆ."

ಡಾಕ್ಟರಿಗೆ ತೋರಿಸಿದ್ದಾರಂತೆ. ಒಂದು ಕಡೆ "ಮೊದಲು ಕುಡಿಯೋದು ಬಿಟ್ಟು ಬಾ" ಅಂದರು. ಬಿಡಿಸೋ ಶಿಬಿರಕ್ಕೆ ಹೋದರೆ ಅಲ್ಲಿ ದನಿ ಕೇಳೋ ವಿಷಯ ಯಾರೂ ವಿಚಾರಿಸಲಿಲ್ಲ. ಬಿಟ್ಟು ಬಂದ, ನಿದ್ದೆ ಬರಲಿಲ್ಲ, ಮತ್ತೆ ವೈನ್ ಶಾಪ್. ಊರವರ ಬಾಯಲ್ಲಿ "ಅವನು ಬಿಡ ಬಿಡು".

ನನಗೆ ಸಿಟ್ಟು ಬರೋದು ಇಲ್ಲೇ. ದನಿ ಕೇಳೋದು ಕುಡಿತದಿಂದಲೂ ಇರಬಹುದು, ಬೇರೆ ಕಾಯಿಲೆಯಿಂದಲೂ ಇರಬಹುದು. ಖಿನ್ನತೆಯೂ ಹಾಗೇ: ಎಷ್ಟೋ ಜನರಿಗೆ ಕುಡಿತ ನಿಂತು ಮೂರು ನಾಲ್ಕು ವಾರಕ್ಕೆ ಮಂಕು ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ. ಯಾವುದು ಯಾವುದರಿಂದ ಅನ್ನೋದು ಎರಡನ್ನೂ ಒಬ್ಬರೇ ಕೂತು ನೋಡಿದರೆ ತಾನೇ ತಿಳಿಯೋದು? ಅದೂ ಅಲ್ಲದೆ ದಿನಾ ವಿಪರೀತ ಕುಡಿಯುವವನು ಏಕಾಏಕಿ ನಿಲ್ಲಿಸಿದರೆ ಮೊದಲೆರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ ಹುಳ ಕಂಡು ಬಡಬಡಿಸಬಹುದು. ನಮ್ಮಲ್ಲಿ ಅದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ! "ಬಿಟ್ಟು ಬಾ" ಅನ್ನೋದು ಅಷ್ಟು ಸಲೀಸಾದ ಮಾತಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಒಂದೇ ಅಂದಮೇಲೆ ಬಾಗಿಲು ಎರಡು ಯಾಕೆ? ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಎರಡಕ್ಕೂ ಒಂದೇ ಫೈಲ್ ಇರಲಿ. ಜಗಳೂರು, ಹೊನ್ನಾಳಿ ಕಡೆಯವರು ಕೂಲಿ ಬಿಟ್ಟು ಬರೋದೇ ಕಷ್ಟ, ಅವರನ್ನು ಇನ್ನೊಂದು ಕಡೆಗೆ ಅಟ್ಟಬೇಡಿ.

ಮನೆಯವರಿಗೆ ಇಷ್ಟೇ ಹೇಳ್ತೀನಿ: ಯಾರನ್ನು ಕೇಳೋದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮನಸ್, ಮಾನಸಿಕ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ. ಡಾಕ್ಟರ್ ಹತ್ತಿರ ಹೋದಾಗ ಮಾನ ಹೋಗುತ್ತೆ ಅಂತ ಕುಡಿತ ಮುಚ್ಚಿಡಬೇಡಿ. ಗೊತ್ತಿಲ್ಲದೆ ಬರೆದ ನಿದ್ದೆ ಮಾತ್ರೆಯ ಮೇಲೆ ಕ್ವಾರ್ಟರ್ ಬಿದ್ದರೆ ಉಸಿರೇ ನಿಲ್ಲಬಹುದು.