‘ಕ್ಲೇರ್ ದ ಲೂನ್’ ಬಗ್ಗೆ ಒಂದು ಸ್ಪಷ್ಟನೆ

ಫ್ರಾನ್ಸಿನ ಸಂಗೀತಗಾರ ಡೆಬ್ಯುಸಿ ಅವರು ಚಿತ್ರಕಾರ ಮೋನೆಯ ಚಿತ್ರ ನೋಡಿ ‘ಕ್ಲೇರ್ ದ ಲೂನ್’ ಬರೆದರು, ತಮ್ಮ ಶೈಲಿಗೆ ಇಂಪ್ರೆಷನಿಸಂ (ಬೆಳಕು, ಬಣ್ಣಗಳ ಕ್ಷಣಿಕ ಅನಿಸಿಕೆಯನ್ನು ಹಿಡಿಯುವ ಚಿತ್ರಕಲಾ ಶೈಲಿಯ ಹೆಸರು) ಅಂತ ತಾವೇ ಹೆಸರಿಟ್ಟರು ಎಂಬ ಮೆಸೇಜ್ ಹರಿದಾಡುತ್ತಿದೆ. ಹೋದ ವಾರ ನಾನೂ ಅದನ್ನು ಹಂಚಿದ್ದೆ. ಎರಡೂ ತಪ್ಪು, ಕ್ಷಮಿಸಿ.

ಈ ಪಿಯಾನೋ ಕೃತಿಯ ಹೆಸರು ಬಂದಿದ್ದು ಕವಿ ಪಾಲ್ ವೆರ್ಲೇನ್ ಅವರ ಕವಿತೆಯಿಂದ. ಬೆಳದಿಂಗಳು ಅಂತ ಅರ್ಥ. ಕವಿತೆ 1869ರ ಸಂಕಲನದಲ್ಲಿದೆ. ಡೆಬ್ಯುಸಿಗೆ ಅದು ಎಷ್ಟು ಇಷ್ಟವಿತ್ತೆಂದರೆ, ಅದನ್ನೇ ಎರಡು ಸಲ ಹಾಡಾಗಿಯೂ ಸಂಯೋಜಿಸಿದ್ದರು.

ಇನ್ನು ಇಂಪ್ರೆಷನಿಸಂ ಎಂಬ ಹಣೆಪಟ್ಟಿ. 1887ರಲ್ಲಿ ಪ್ಯಾರಿಸ್‌ನ ಕಲಾ ಅಕಾಡೆಮಿ ಅವರ ‘ಪ್ರಾಂತಾಂ’ ಕೃತಿಯನ್ನು ಟೀಕಿಸಲು ಈ ಪದ ಬಳಸಿತು. 1908ರಲ್ಲಿ ಪ್ರಕಾಶಕ ಡ್ಯುರಾಂಗೆ ಬರೆದ ಪತ್ರದಲ್ಲಿ ಡೆಬ್ಯುಸಿ, ಹಾಗೆ ಕರೆಯುವವರನ್ನು ಮೂರ್ಖರು ಎಂದೇ ಹೇಳಿದ್ದಾರೆ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.