ಪಟರ್ ಬದಲಿಸುವ ಮುಂಚೆ ಅದರ ಮುಖ ಎತ್ತ ನೋಡುತ್ತಿದೆ ಅಂತ ನೋಡಿ

ಕೋಲಾರ, ಕೆಜಿಎಫ್, ನಂದಿ ತಪ್ಪಲಿನ ಕಡೆ ಗಾಲ್ಫ್ ಆಡುವ ಗೆಳೆಯರಿಗಾಗಿ ಈ ಬರಹ. ಹತ್ತಿರದ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ತಪ್ಪಿದ ಕೂಡಲೇ ಕೈ ನಡುಗಿತು ಅನ್ನುತ್ತೇವೆ, ಆಮೇಲೆ ಹೊಸ ಪಟರ್ (ಆ ಹೊಡೆತಕ್ಕೆ ಬಳಸುವ ಕೋಲು) ಹುಡುಕುತ್ತೇವೆ. ಎಷ್ಟೋ ಸಲ ತಪ್ಪು ಚೆಂಡು ಹೊಡೆಯುವ ಮುಂಚೆಯೇ ಆಗಿಹೋಗಿರುತ್ತದೆ. ಮೊದಲು ನಿಲುವು ಸರಿಮಾಡಿಕೊಳ್ಳಿ, ಕೈ ತಿದ್ದುವುದು ಆಮೇಲೆ.

ಲೆಕ್ಕ ನೋಡಿ. ಕುಳಿಯ ಅಗಲ 108 ಮಿ.ಮೀ., ಅರ್ಧ ಅಂದರೆ 54. ಮೂರು ಮೀಟರ್ ದೂರದಿಂದ ಚೆಂಡಿನ ದಿಕ್ಕು ಒಂದು ಡಿಗ್ರಿ ತಿರುಗಿದರೆ ಅದು ಸುಮಾರು 52 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, ಕುಳಿಯ ಅಂಚು ಸವರುತ್ತದೆ. ಎರಡು ಡಿಗ್ರಿಯಾದರೆ ಮುಗಿಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಪಟರ್ ಮುಖವೇ, ಅಂದರೆ ಚೆಂಡಿಗೆ ತಾಗುವ ಅದರ ಚಪ್ಪಟೆ ಭಾಗವೇ; ಕೈ ಬೀಸಿದ ದಾರಿಯ ಪಾಲು ಕಡಿಮೆ.

ಆದರೂ ಹೆಚ್ಚಿನವರು ಮೊದಲು ಕಾಲು ಊರಿ ನಿಂತು, ಆಮೇಲೆ ಪಟರ್ ಇಡುತ್ತಾರೆ. ಇದು ತಲೆಕೆಳಗು. ಚೆಂಡಿನ ಹಿಂದೆ ನಿಂತು ಅದು ಉರುಳಬೇಕಾದ ಗೆರೆ ನೋಡಿ, ಆ ಗೆರೆಯ ಮೇಲೆ ಚೆಂಡಿನಿಂದ ಒಂದಡಿ ಮುಂದೆ ಒಣಹುಲ್ಲೋ ಕಲೆಯೋ ಏನಾದರೂ ಗುರುತು ಹಿಡಿಯಿರಿ. ಪಟರ್ ಮುಖವನ್ನು ಆ ಗುರುತಿಗೆ ನೇರ ಇಡಿ. ಕಾಲು ಆಮೇಲೆ. ಭುಜ, ಮುಂಗೈ ಗೆರೆಗೆ ಸಮಾನಾಂತರವಾಗಿರಲಿ. ಪಾದ ಸ್ವಲ್ಪ ಗುರಿಯ ಕಡೆ ತೆರೆದಿದ್ದರೂ ನಡೆಯುತ್ತದೆ, ಭುಜ ತೆರೆದರೆ ಕೈಯೂ ಅತ್ತಲೇ ಎಳೆಯುತ್ತದೆ. ಚೆಂಡು ನಿಲುವಿನ ನಡುವಿಗಿಂತ ಕೊಂಚ ಗುರಿಯ ಕಡೆಗಿರಲಿ.

ಇನ್ನು ಕಣ್ಣು. ಅದು ಗೆರೆಯ ನೇರ ಮೇಲಿದೆಯೇ ಅಂತ ನೋಡಬೇಕು. ಇದಕ್ಕೆ ಗೋಡೆ ಕಟ್ಟುವಾಗ ಗಾರೆ ಕೆಲಸದವರು ಎಳೆಯುವ ನೈಲಾನ್ ದಾರವೇ ಸಾಕು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅಭ್ಯಾಸದ ಗ್ರೀನ್‌ನಲ್ಲಿ (ಪಟ್ ಮಾಡುವ ಗಿಡ್ಡ ಹುಲ್ಲಿನ ಜಾಗದಲ್ಲಿ) ಸಮತಟ್ಟಾದ ಜಾಗ ಹುಡುಕಿ. ಎರಡು ಪೆನ್ಸಿಲ್ ಚುಚ್ಚಿ, ನೆಲದಿಂದ ಗೇಣುದ್ದ ಮೇಲೆ ಮೂರು ಮೀಟರ್ ದಾರ ಬಿಗಿಯಿರಿ. ಅದರ ನೇರ ಕೆಳಗೆ ಚೆಂಡಿಟ್ಟು ನಿಂತು ಬಗ್ಗಿ ನೋಡಿ. ದಾರ ಚೆಂಡನ್ನು ನಡುವೆ ಸೀಳಿದಂತೆ ಕಂಡರೆ ಕಣ್ಣು ಗೆರೆಯ ಮೇಲಿದೆ. ದಾರ ಚೆಂಡಿನ ಆಚೆ ಕಂಡರೆ ಕಣ್ಣು ನಿಮ್ಮ ಕಾಲಿನ ಕಡೆ ಇದೆ, ಚೆಂಡಿಗೆ ಹತ್ತಿರ ಬನ್ನಿ. ಈಚೆ ಕಂಡರೆ ಹಿಂದೆ ಸರಿಯಿರಿ. ಕಣ್ಣು ಒಂದೆರಡು ಬೆರಳು ಕಾಲಿನ ಕಡೆ ಒಳಗಿದ್ದರೆ ಚಿಂತೆಯಿಲ್ಲ, ಆದರೆ ದಿನಾ ಅಲ್ಲೇ ಇರಬೇಕು. ಇವತ್ತೊಂದು ಕಡೆ, ನಾಳೆ ಇನ್ನೊಂದು ಕಡೆ ಇದ್ದರೆ ಕಣ್ಣಿಗೆ ಕಾಣುವ ಗೆರೆಯೇ ದಿನಕ್ಕೊಂದು ಥರ ಆಗುತ್ತದೆ.

ಪಟರ್ ತಳವನ್ನೂ ನೋಡಿ. ಪಟರ್ ಉದ್ದ ಜಾಸ್ತಿಯಾಗಿ, ತಳದ ಆಚೆ ತುದಿ (ನಿಮ್ಮ ಕಾಲಿನಿಂದ ದೂರದ್ದು) ನೆಲ ಬಿಟ್ಟು ಎದ್ದಿದ್ದರೆ, ಬಲಗೈ ಆಟಗಾರರಿಗೆ ಮುಖ ಎಡಕ್ಕೆ ವಾಲುತ್ತದೆ. ಇಂಥದ್ದಕ್ಕೆ ಅಭ್ಯಾಸವೆಷ್ಟು ಮಾಡಿದರೂ ಪ್ರಯೋಜನವಿಲ್ಲ. ಪಟರ್ ಕತ್ತರಿಸಿ ಗಿಡ್ಡ ಮಾಡಿಸಬೇಕು, ಇಲ್ಲವೇ ಕೋಲು ತಳಕ್ಕೆ ಸೇರುವ ಕೋನ ಬಗ್ಗಿಸಬೇಕು.

ಚೆಂಡಿನ ಮೇಲೆ ಗೆರೆ ಎಳೆದುಕೊಂಡು ಗುರಿಗೆ ಹೊಂದಿಸಿ ಇಡಲು ನಿಯಮದ ಅಡ್ಡಿಯಿಲ್ಲ. ದಾರ, ಕೋಲು ಮಾತ್ರ ಅಭ್ಯಾಸಕ್ಕಷ್ಟೇ. ಪಂದ್ಯದಲ್ಲಿ ಗುರಿಗಾಗಿ ನೆಲದ ಮೇಲೆ ಕ್ಲಬ್ (ಗಾಲ್ಫ್ ಕೋಲು) ಇಟ್ಟು ನಿಲುವು ತೆಗೆದುಕೊಂಡರೆ ದಂಡ ಬೀಳುತ್ತದೆ. 2019ರ ನಿಯಮದ ಪ್ರಕಾರ, ನೀವು ನಿಲುವು ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಕ್ಯಾಡಿ (ನಿಮ್ಮ ಕೋಲುಗಳನ್ನು ಹೊರುವ ಸಹಾಯಕ) ಹಿಂದೆ ನಿಂತು ಗುರಿ ಸರಿಮಾಡಿಕೊಡುವಂತೆಯೂ ಇಲ್ಲ. ಹಾಗಾಗಿ ಮುಂದಿನ ಭಾನುವಾರ ಮೊದಲ ಹದಿನೈದು ನಿಮಿಷ ದಾರದ ಕೆಳಗೆ ಕಳೆಯಿರಿ, ಪಂದ್ಯ ಆಮೇಲೆ ಆಡೋಣ.